ಕಬ್ಬಿಣ ಕಾಣದ ಅಚ್ಚು

‘ರೋಮಾಂಚನ’ ಎಂಬ ಪದದ ಕೆಳಗೆ ಕೆಂಪು ಗೆರೆ ಬಿದ್ದಿತ್ತು. ಪಕ್ಕದಲ್ಲಿ ‘ಬಹಳ ಚೆನ್ನಾಗಿದೆ’ ಎಂದು ರವಿಶಂಕರ ಸರ್ ಬರೆದಿದ್ದರು.

ಲಿಖಿತಾ ಸ್ಟಾಫ್ ರೂಮಿನಲ್ಲಿ ನಿಂತೇ ಆ ಪುಟವನ್ನು ಮತ್ತೆ ಓದಿದಳು. ಶಿವಮೊಗ್ಗದ ಮ್ಯೂಸಿಯಂ ಅಂಗಳದಲ್ಲಿ ವೀರಗಲ್ಲುಗಳ ಎದುರು ಮೈ ನವಿರೆದ್ದಿತೆಂದೂ, ಸತ್ತವರು ತನ್ನೊಡನೆ ಮಾತಾಡಿದಂತಾಯಿತೆಂದೂ ಅವಳೇ ಬರೆದದ್ದು. ನಿಜ ಹೇಳಬೇಕೆಂದರೆ ಅವತ್ತು ಅವಳಿಗೆ ಏನೂ ಆಗಿರಲಿಲ್ಲ. ಬಿಸಿಲಿತ್ತು, ಹೊಸ ಚಪ್ಪಲಿ ಕಚ್ಚುತ್ತಿತ್ತು. ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಒಯ್ಯುವುದನ್ನು ನೋಡುತ್ತ, ಹಾಸ್ಟೆಲಿನಲ್ಲಿ ಮಧ್ಯಾಹ್ನಕ್ಕೆ ಏನು ಸಾರು ಮಾಡಿರಬಹುದು ಎಂದು ಯೋಚಿಸಿದ್ದಳು.

ಎರಡನೆಯ ಭೇಟಿಗಂತೂ ಅವಳು ಹೋಗಿಯೇ ಇರಲಿಲ್ಲ. ನವುಲೆಯಲ್ಲಿ ಯಾರೋ ಕೂಡಿಟ್ಟ ಹಳೆಯ ನೇಗಿಲು, ಕೊಳಗಗಳ ಸಂಗ್ರಹ. ರೂಮ್‌ಮೇಟ್ ವಾಣಿಯ ಫೋನಿನಲ್ಲಿದ್ದ ಫೋಟೋಗಳನ್ನು ನೋಡಿ ಒಂದು ಪುಟ ಬರೆದಳು. ಅದಕ್ಕೆ ಇನ್ನೂ ಹೆಚ್ಚು ಅಂಕ ಬಂದಿತ್ತು.

“ಮೂರನೇದು ಇವತ್ತು ಅಲ್ವೇನಮ್ಮಾ?” ಎಂದರು ಸರ್.

“ಹೌದು ಸರ್. ಭದ್ರಾವತಿ. ಫೌಂಡ್ರಿ ಮ್ಯೂಸಿಯಂ.”

“ಸತೀಶ್ ಅಂತ ಅಲ್ಲಿ ಮ್ಯಾನೇಜರು. ಅವ್ರಿಗೆ ಒಬ್ಬ ಗೈಡ್ ಬೇಕಂತೆ. ನಿನ್ನ ಬರವಣಿಗೆ ತೋರಿಸ್ದೆ. ನಿನಗೆ ಭಾವನೆ ಇದೆ ಕಣಮ್ಮಾ, ಈ ಕೆಲಸಕ್ಕೆ ಬೇಕಾಗಿರೋದೇ ಅದು. ಇವತ್ತೊಂದಿನ ನೋಡಿ ಸಹಿ ಹಾಕಿ ಕೊಡ್ತಾರೆ. ಸಹಿ ಇಲ್ದೆ ಬಂದ್ರೆ ಪೇಪರ್ ಫೇಲು, ಗೊತ್ತಲ್ಲ?”

“ಗೊತ್ತು ಸರ್.”

ಪೇಪರಿನ ಹೆಸರು ‘ವೃತ್ತಿ ಅನ್ವೇಷಣೆ’. ಮೂರು ಮ್ಯೂಸಿಯಂ, ಮೂರು ಪುಟ, ಕೊನೆಯಲ್ಲಿ ಒಂದು ಸಾಲು: ‘ನಾನು ಏನಾಗಬಯಸುತ್ತೇನೆ.’ ಅವಳ ಫಾರಮ್ಮಿನಲ್ಲಿ ಆ ಸಾಲು ಖಾಲಿ ಇತ್ತು.

“ಅಷ್ಟೊಂದು ತಲೆ ಕೆಡಿಸ್ಕೊಳ್ತೀಯಲ್ಲ ಮಾರಾಯ್ತಿ,” ಎಂದು ವಾಣಿ ಬೆಳಿಗ್ಗೆ ಬೈದಿದ್ದಳು. “ಕೆಎಎಸ್ ಅಂತ ಬರೆದು ಬಿಸಾಕು. ಎಲ್ರೂ ಅದನ್ನೇ ಬರ್ದಿರೋದು.”

ಬರೆಯಬಹುದಿತ್ತು. ಸುಳ್ಳು ಬರೆಯುವುದರಲ್ಲಿ ಅವಳ ಕೈ ಪಳಗಿತ್ತು. ಆದರೆ ಆ ಸಾಲಿನ ಮೇಲೆ ಪೆನ್ನಿಟ್ಟಾಗಲೆಲ್ಲ ಅವಳಿಗೆ ಹೆದರಿಕೆಯಾಗುತ್ತಿತ್ತು. ಏನೂ ಆಗಬೇಕೆನಿಸದಿರುವುದು, ಯಾವುದರ ಎದುರೂ ಏನೂ ಅನಿಸದಿರುವುದು ಒಂದು ರೋಗವಿರಬಹುದೆ? ಇದ್ದರೆ ಅದನ್ನು ಯಾವ ಡಾಕ್ಟರಿಗೆ ತೋರಿಸುತ್ತಾರೆ? ಭದ್ರಾವತಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅದಕ್ಕೂ ಅವಳಿಗೆ ಸಂತೋಷವಾಗಲಿಲ್ಲ.

ಆ ಫೌಂಡ್ರಿಯಲ್ಲಿ ಅವಳ ಅಪ್ಪ ಮಂಜಪ್ಪ ಇಪ್ಪತ್ತಾರು ವರ್ಷ ಮೋಲ್ಡರ್ ಆಗಿದ್ದ. ಕಬ್ಬಿಣ ಎರೆಯುವುದಕ್ಕೆ ಮರಳಿನಲ್ಲಿ ಅಚ್ಚು ಮಾಡುವ ಕೆಲಸ. ಏಳು ವರ್ಷದ ಹಿಂದೆ ಫೌಂಡ್ರಿ ಮುಚ್ಚಿತು. ಅಂದಿನಿಂದ ಅಪ್ಪ ಮನೆಯ ಜಗಲಿಯಲ್ಲಿ ಕೂತು, ಹೋಗಿ ಬರುವ ಲಾರಿಗಳನ್ನು ನೋಡುತ್ತಿದ್ದ. ಎರಡು ತಿಂಗಳ ಹಿಂದೆ ಅಮ್ಮ ಫೋನು ಮಾಡಿ, “ಮತ್ತೆ ಕೆಲ್ಸಕ್ಕೆ ಕರೆದಿದ್ದಾರೆ ಕಣೇ. ಮೊದಲಿನ ಹಾಗೇ ಆಗಿದ್ದಾರೆ ನಿಮ್ಮಪ್ಪ. ಬೆಳಿಗ್ಗೆ ಏಳಕ್ಕೇ ಕ್ಯಾರಿಯರ್ ಹಿಡ್ಕೊಂಡು ರೆಡಿ” ಎಂದಿದ್ದಳು. ಮುಚ್ಚಿದ ಫೌಂಡ್ರಿಯಲ್ಲಿ ಏನು ಕೆಲಸ ಎಂದು ಲಿಖಿತಾ ಕೇಳಿರಲಿಲ್ಲ. ಕೇಳಬೇಕೆನಿಸಿರಲಿಲ್ಲ.

ಈಗ ಕಂಡಳು. ಶೆಡ್ಡಿನ ನಡುವೆ ನಾಲ್ಕು ಕಂಬ ನೆಟ್ಟು ಕೆಂಪು ಹಗ್ಗ ಕಟ್ಟಿದ್ದರು. ಹಗ್ಗಕ್ಕೆ ‘ದಯವಿಟ್ಟು ಮುಟ್ಟಬೇಡಿ’ ಎಂಬ ಬೋರ್ಡು. ಒಳಗೆ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಅಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಹಿಂದೆ ಕುಲುಮೆ. ಅದರ ಬಾಯಲ್ಲಿ ಬೆಂಕಿಯ ಬದಲು ಒಂದು ಕೆಂಪು ಬಲ್ಬು ಹಾಕಿದ್ದರು.

“ಯಾವಾಗ ಬಂದೆ ಪುಟ್ಟಿ?”

“ಈಗ.”

“ಊಟ ಆಯ್ತಾ?”

“ಆಯ್ತು.”

ಆಗಿರಲಿಲ್ಲ. ಅಪ್ಪ ಹಗ್ಗ ದಾಟಿ ಬರಲಿಲ್ಲ, ಅವಳೂ ಒಳಗೆ ಹೋಗಲಿಲ್ಲ. ಅವನು ಪಂಪಿನ ಚಕ್ರದ ಮರದ ಮಾದರಿಯೊಂದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಸುತ್ತ ಒದ್ದೆ ಮರಳು ತುಂಬಿ ಗುದ್ದತೊಡಗಿದ. ಮೇಲೆ ಇನ್ನೊಂದು ಪೆಟ್ಟಿಗೆ, ಇನ್ನಷ್ಟು ಮರಳು. ಬಿಸಿ ಗಾಳಿ ಹೊರಹೋಗಲೆಂದು ತೆಳುವಾದ ಕಂಬಿಯಿಂದ ತೂತುಗಳನ್ನು ಚುಚ್ಚಿದ. ಮೇಲಿನ ಪೆಟ್ಟಿಗೆಯನ್ನು ಉಸಿರು ಹಿಡಿದು ಎತ್ತಿ, ಮಾದರಿಯನ್ನು ತೆಗೆದ. ಮರಳಿನಲ್ಲಿ ಚಕ್ರದಾಕಾರದ ಟೊಳ್ಳು ಉಳಿಯಿತು. ಅಲ್ಲಿಗೆ ಕೆಲಸ ಮುಗಿಯಿತು. ಆ ಟೊಳ್ಳಿಗೆ ಸುರಿಯಲು ಕಬ್ಬಿಣವಿರಲಿಲ್ಲ.

ಸತೀಶ್ ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದ. ಮೂವತ್ತು ದಾಟದ, ಸೆಂಟು ಹಾಕಿದ ಮನುಷ್ಯ. ನೆಲದ ತುಂಬ ಪೆಟ್ಟಿಗೆಗಳು, ಅವುಗಳ ಮೇಲೆ ನೀರು ಚಿಮುಕಿಸಿದ ಗೋಣಿತಾಟು.

“ನಲವತ್ತೊಂದು ಅಚ್ಚು ಇವೆ,” ಎಂದ. “ದಿನಕ್ಕೊಂದು ಮಾಡಿ ತೋರ್ಸಿ, ಆಮೇಲೆ ಒಡೀರಿ ಅಂದಿದ್ವಿ. ನಿಮ್ಮಪ್ಪ ಮಾಡ್ತಾರೆ, ಒಡೆಯಲ್ಲ. ಒಣಗ್ಬಾರ್ದು ಅಂತ ದಿನಾ ನೀರು ಬೇರೆ ಹಾಕ್ತಾರೆ. ನನಗೀಗ ಪೆಟ್ಟಿಗೇನೂ ಇಲ್ಲ, ಜಾಗಾನೂ ಇಲ್ಲ. ನಾಲ್ಕು ಗಂಟೆಗೆ ಒಂದು ಬಸ್ ಜನ ಬರ್ತಿದ್ದಾರೆ, ರಿಟೈರ್ಡ್ ಬ್ಯಾಂಕ್ ಎಂಪ್ಲಾಯೀಸು. ಅವ್ರಿಗೆ ಇಲ್ಲೇ ಕಾಫಿ.”

“ನಾನೇನು ಮಾಡ್ಬೇಕು?”

“ಒಡೆದುಬಿಡಿ. ಹೊರಗಿನವ್ರು ಒಡೆದ್ರೆ ಬೇಜಾರು ಮಾಡ್ಕೋತಾರೆ. ನೀವು ಮಗಳಲ್ವಾ, ಏನೂ ಅನ್ನಲ್ಲ. ಇದನ್ನೇ ನಿಮ್ಮ ಮೊದಲ ಕೆಲಸ ಅಂದ್ಕೊಳ್ಳಿ. ಮುಗಿಸ್ಕೊಂಡು ಬನ್ನಿ, ಸಹಿ ಹಾಕ್ಕೊಡ್ತೀನಿ.”

ಅವಳು ಅಪ್ಪನ ಹಗ್ಗದ ಬಳಿಗೆ ಬಂದು ನಿಂತಳು.

“ಅಪ್ಪ, ಹಿಂದೆ ಇರೋದನ್ನೆಲ್ಲ ಒಡೀಬೇಕಂತೆ.”

“ಯಾರು?”

“ನಾನು.”

ಅಪ್ಪ ಅಂಗೈಯ ಮರಳನ್ನು ಕೊಡವಿಕೊಂಡ. “ಕಬ್ಬಿಣ ಕಾಣದ ಅಚ್ಚನ್ನ ಒಡೆಯಲ್ಲ ಪುಟ್ಟಿ, ನಮ್ಮಲ್ಲಿ. ಕೆಟ್ಟಿದ್ರೆ ಒಡೀಬಹುದು. ಅದ್ರಲ್ಲಿ ಒಂದೂ ಕೆಟ್ಟಿಲ್ಲ.”

“ಇಲ್ಲಿ ಕಬ್ಬಿಣ ಬರಲ್ಲ ಅಪ್ಪ.”

“ಗೊತ್ತು.”

ಅವನಿಗೆ ಗೊತ್ತಿರುತ್ತದೆಂದು ಅವಳು ಎಣಿಸಿರಲಿಲ್ಲ. ಭ್ರಮೆಯಲ್ಲಿದ್ದಿದ್ದರೆ ಅವಳ ಕೆಲಸ ಸಲೀಸಾಗುತ್ತಿತ್ತು.

“ಒಡೆದ್ರೆ ನಿನ್ನ ಕೆಲ್ಸ ಆಗತ್ತಾ?”

“ಆಗತ್ತೆ.”

“ಹಂಗಾದ್ರೆ ಒಡಿ,” ಎಂದು ಅಪ್ಪ ತಲೆ ತಗ್ಗಿಸಿ, ಈಗಷ್ಟೇ ಮಾಡಿದ ಅಚ್ಚಿನ ಅಂಚನ್ನು ಬೆರಳಿನಿಂದ ತಿದ್ದತೊಡಗಿದ. ಅದು ನಲವತ್ತೆರಡನೆಯದು.

ಅವಳು ಮೊದಲ ತಾಟನ್ನು ಸರಿಸಿದಳು. ಚಕ್ರದ ಒಂದೊಂದು ರೆಕ್ಕೆಯೂ ಮರಳಿನಲ್ಲಿ ಚೊಕ್ಕವಾಗಿ ಮೂಡಿತ್ತು. ಮ್ಯೂಸಿಯಂಗಳಲ್ಲಾಗಲಿ ಫೋಟೋಗಳಲ್ಲಾಗಲಿ ಅವಳು ಕಂಡ ಯಾವ ವಸ್ತುವೂ ಇಷ್ಟು ಚೆಂದವಿರಲಿಲ್ಲ. ಈಗ ಏನಾದರೂ ಆಗುತ್ತದೆ, ಆಗಲೇಬೇಕು ಎಂದು ಒಂದು ನಿಮಿಷ ಕಾದಳು. ಅಳು ಬರಲೆಂದು ಅಪ್ಪನ ಕ್ಯಾರಿಯರನ್ನು ನೆನೆದುಕೊಂಡಳು. ಬರಲಿಲ್ಲ. ಸನಿಕೆಯ ಹಿಡಿಯಿಂದ ಒಂದು ಪೆಟ್ಟು ಕೊಟ್ಟಳು. ಅಚ್ಚು ಸದ್ದಿಲ್ಲದೆ ಕುಸಿಯಿತು.

ಐದಾರು ಒಡೆಯುವ ಹೊತ್ತಿಗೆ ಉಪಾಯ ತಿಳಿಯಿತು. ಮೂಲೆಗೆ ಒಂದು, ನಡುವಿಗೆ ಒಂದು, ಆಮೇಲೆ ಪೆಟ್ಟಿಗೆ ಮಗುಚಿದರಾಯಿತು. ಹದಿನೈದರ ಹೊತ್ತಿಗೆ ಕೆಲಸ ಕೈಗೆ ಕೂತಿತು. ಇದುವರೆಗೆ ಕಲಿತ ಯಾವುದೂ ಅವಳಿಗೆ ಇಷ್ಟು ಬೇಗ ಕೂತಿರಲಿಲ್ಲ. ಅದಕ್ಕೆ ಅವಳಿಗೆ ನಾಚಿಕೆಯೆನಿಸಬೇಕಿತ್ತು. ಆಚೆಯಿಂದ ಅಪ್ಪ ಮರಳು ಜರಡಿ ಹಿಡಿಯುವ ಸದ್ದು ಕೇಳುತ್ತಿತ್ತು. ಒಮ್ಮೆಯೂ ಅದು ನಿಲ್ಲಲಿಲ್ಲ. ಮೂರೂವರೆಗೆಲ್ಲ ನಲವತ್ತೊಂದೂ ಮುಗಿದು, ಕೋಣೆಯ ಮೂಲೆಯಲ್ಲಿ ಮರಳಿನ ದೊಡ್ಡ ಗುಡ್ಡೆಯಾಯಿತು. ಅಪ್ಪನ ಹೊಸ ಅಚ್ಚನ್ನೂ ಹಗ್ಗದ ಕೆಳಗಿಂದ ಎಳೆದು ತಂದು ಒಡೆದಳು. ಅಪ್ಪ ಅದನ್ನು ತಡೆಯಲಿಲ್ಲ.

ಸತೀಶ್ ಸಹಿ ಹಾಕಿದ. ‘ಗೈಡ್’ ಎಂದು ಬರೆದ ಒಂದು ಬ್ಯಾಡ್ಜನ್ನೂ ಕೊಟ್ಟ. ಖಾಲಿ ಸಾಲು ಅವನ ಕಣ್ಣಿಗೆ ಬೀಳಲಿಲ್ಲ.

ಅವಳು ಬ್ಯಾಡ್ಜು ಚುಚ್ಚಿಕೊಂಡು ಬರುವಷ್ಟರಲ್ಲಿ ಚಕ್ರದ ಮರದ ಮಾದರಿ ಗಾಜಿನ ಪೆಟ್ಟಿಗೆಯೊಳಗಿತ್ತು. ಬೀಗ ಹಾಕಿ, ಪಕ್ಕದಲ್ಲಿ ಚೀಟಿ ಅಂಟಿಸಿದ್ದರು.

“ಎಂಬತ್ತು ವರ್ಷದ ತೇಗ,” ಎಂದ ಸತೀಶ್. “ದಿನಾ ಮರಳಲ್ಲಿ ಉಜ್ಜಿ ಸವೆಸ್ತಿದ್ರು. ಓನರು ಇವತ್ತೇ ಒಳಗಿಡಿ ಅಂದ್ರು.”

“ಮಾದರಿ ಇಲ್ದೆ ಅಪ್ಪ ಅಚ್ಚು ಹೇಗೆ ಮಾಡ್ತಾರೆ?”

“ಜನಕ್ಕೆ ಏನು ಗೊತ್ತಾಗತ್ತೆ? ನೀವು ಮಾತಾಡ್ತಾ ಇರಿ, ಅವ್ರು ಮಾಡ್ತಾ ಇರ್ಲಿ.”

ಬಸ್ಸು ಬಂತು. ಟೋಪಿ ತೊಟ್ಟವರು, ಮೊಣಕಾಲು ನೋವಿನವರು, ಫೋನು ಹಿಡಿದವರು ಹಗ್ಗದ ಸುತ್ತ ನೆರೆದರು. ಲಿಖಿತಾಳ ಬಾಯಿಂದ ಮಾತು ಸರಾಗವಾಗಿ ಬಂತು. ಇಲ್ಲಿ ಸಾವಿರಾರು ಕೈಗಳು ದುಡಿದಿವೆ, ಈ ಮರಳಿಗೆ ನೆನಪುಗಳಿವೆ, ಇಲ್ಲಿ ನಿಂತರೆ ಮೈ ನವಿರೇಳುತ್ತದೆ. ಹೆಂಗಸೊಬ್ಬರು ಕಣ್ಣೊರೆಸಿಕೊಂಡರು.

ಅಪ್ಪ ಪೆಟ್ಟಿಗೆಯಲ್ಲಿ ಮರಳು ತುಂಬಿದ. ಗುದ್ದಿದ. ಮೇಲಿನ ಪೆಟ್ಟಿಗೆಯಿಟ್ಟು ಮತ್ತೆ ತುಂಬಿ ಗುದ್ದಿದ. ಎಷ್ಟು ತೂತು ಚುಚ್ಚಬೇಕೋ ಅಷ್ಟನ್ನೂ ಚುಚ್ಚಿದ. ಆಮೇಲೆ ಉಸಿರು ಹಿಡಿದು, ತುಸುವೂ ಅಲುಗದಂತೆ, ಮೇಲಿನ ಪೆಟ್ಟಿಗೆಯನ್ನು ಎತ್ತಿದ. ಕೆಳಗೆ ಮರಳು ಸಪಾಟಾಗಿತ್ತು. ಒಂದು ಗೆರೆಯಿರಲಿಲ್ಲ, ಒಂದು ತಗ್ಗಿರಲಿಲ್ಲ.

ಮುಂದೆ ನಿಂತಿದ್ದ ವೃದ್ಧರೊಬ್ಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. “ಇದು ಏನಾಗತ್ತಮ್ಮಾ?”

ಅಪ್ಪ ತಲೆಯೆತ್ತಿ ಅವಳನ್ನೇ ನೋಡಿದ. ಅವನಿಗೂ ಉತ್ತರ ಬೇಕಿದ್ದಂತಿತ್ತು.

“ಏನು ಬೇಕಾದರೂ ಆಗುತ್ತೆ ಸರ್,” ಎಂದಳು ಅವಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಬಗ್ಗಿ, ಆ ಸಪಾಟು ಮರಳಿನ ಮೇಲೆ ಎಲ್ಲಿಂದಲೋ ಬಿದ್ದಿದ್ದ ಒಂದು ಕಸವನ್ನು ಊದಿ ತೆಗೆದ.