ಅದು ಉಪ್ಪಿನ ಉರಿಯಲ್ಲ

ಆ ಮನೆಯಲ್ಲಿ ಉಳಿದಿದ್ದವರು ಇಬ್ಬರೇ, ಮಾವ ಮತ್ತು ಸೊಸೆ. ಇಬ್ಬರನ್ನೂ ಬೆಸೆದಿದ್ದ ಮಗ ಜ್ವರವೆಂದು ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಅಂದಿನಿಂದ ಮಾವನ ಪ್ರಾರ್ಥನೆ ಚಿಕ್ಕದಾಯಿತು. ಮೊದಲೆಲ್ಲ ಬಂಧುಬಳಗ, ನೆರೆಹೊರೆ ಎಲ್ಲರಿಗೂ ಒಳ್ಳೆಯದಾಗಲೆಂದು ಬೇಡುತ್ತಿದ್ದವರು ಈಗ ಬೆಳಿಗ್ಗೆ ಎದ್ದೊಡನೆ ಕಣ್ಣು ಮುಚ್ಚಿ ಒಂದೇ ಮಾತು ಹೇಳುತ್ತಿದ್ದರು: "ದೇವರೇ, ಈ ಹುಡುಗಿಯನ್ನಾದರೂ ನನ್ನ ಕಣ್ಣೆದುರು ಕರೆಸಿಕೊಳ್ಳಬೇಡ."

ಬೇಡಿದ್ದನ್ನು ದೇವರಿಗೇ ಬಿಟ್ಟು ಸುಮ್ಮನಿರುವುದು ಅವರಿಂದ ಆಗುತ್ತಿರಲಿಲ್ಲ. ಗ್ಯಾಸ್ ಆರಿಸಿದೆಯಾ, ರಸ್ತೆ ದಾಟುವಾಗ ಎರಡೂ ಕಡೆ ನೋಡಿದೆಯಾ ಎಂದು ಆಕೆಯ ಹಿಂದೆ ಮುಂದೆ ಸುಳಿಯುತ್ತಿದ್ದರು. ಸೊಸೆ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ಗಟ್ಟಿ ಹೆಂಗಸು. "ಉಸಿರಾಡಿದ್ಯಾ ಅಂತ ಒಂದು ಕೇಳೋದು ಬಾಕಿ ಇದೆ ಮಾವ, ಅದನ್ನೂ ಕೇಳ್ಬಿಡಿ" ಎಂದು ನಗುತ್ತಿದ್ದಳು.

ಮಗ ಬಿಟ್ಟುಹೋದದ್ದು ಒಂದು ಉಪ್ಪುನೀರಿನ ಗಾಜಿನ ತೊಟ್ಟಿ ಮತ್ತು ಎರಡು ಮೀನು. ಕಿತ್ತಳೆ ಬಣ್ಣದ ಮೈ, ಅದರ ಮೇಲೆ ಬಿಳಿ ಪಟ್ಟೆ. ಜೋಡಿಯಲ್ಲಿ ಹೆಣ್ಣೇ ದೊಡ್ಡದು, ಜೋರು ಕೂಡ. ಅದಕ್ಕೆ ಅವನು ಯಜಮಾನಿ ಎಂದು ಹೆಸರಿಟ್ಟಿದ್ದ. ಅವನು ಹೋದಾಗ ಯಾರಿಗೂ ಮೀನಿನ ಕಡೆ ನೋಡುವ ಚೈತನ್ಯವಿರಲಿಲ್ಲ. ಪರಿಚಯದ ಮೀನಂಗಡಿಯವನು ಬಂದು, ಮೀನುಗಳನ್ನೂ ತೊಟ್ಟಿಯಲ್ಲಿದ್ದ ಕಲ್ಲುಗಳನ್ನೂ ತನ್ನ ಅಂಗಡಿಗೆ ಒಯ್ದು ಸಾಕಿಕೊಂಡಿದ್ದ. ಆ ದಿನ ಬೆಳಿಗ್ಗೆ ಅವನದೇ ಫೋನು ಬಂತು.

"ಅಕ್ಕಾ, ಅಂಗಡಿ ಇವತ್ತೇ ಖಾಲಿ ಮಾಡ್ಬೇಕು. ನಿಮ್ಮ ಯಜಮಾನೀನ ಇನ್ನೊಬ್ಬರ ಮನೇಲಿ ಬಿಡೋ ಹಾಗಿಲ್ಲ, ಬೇರೆ ಮೀನನ್ನೆಲ್ಲ ಕಚ್ಚಿ ಓಡಿಸ್ತಾಳೆ. ಕತ್ತಲಾಗೋದ್ರೊಳಗೆ ತಂದು ನಿಮ್ಮ ಕೈಗೇ ಒಪ್ಪಿಸ್ತೀನಿ. ತೊಟ್ಟಿ ರೆಡಿ ಇರ್ಲಿ."

ಹೇಗೂ ಮತ್ತೆ ತೊಟ್ಟಿ ಹೂಡಬೇಕೆಂದು ಸೊಸೆ ಕೆಲವು ದಿನಗಳಿಂದ ಡ್ರಮ್ಮಿನಲ್ಲಿ ಉಪ್ಪುನೀರು ಕದಡಿಟ್ಟಿದ್ದಳು. ಈಗ ರಜೆ ಹಾಕಿ ಕೆಲಸಕ್ಕೆ ಕೂತಳು. ಮರದ ಚೌಕಟ್ಟಿನ ಮೇಲೊಂದು ದೊಡ್ಡ ತೊಟ್ಟಿ, ಅದರಡಿಯಲ್ಲಿ ನೆಲದ ಮೇಲೆ ಒಂದು ಚಿಕ್ಕ ತೊಟ್ಟಿ. ಮೇಲಿನ ನೀರು ಒಂದು ಪೈಪಿನಲ್ಲಿ ಕೆಳಗಿಳಿದು ಅಲ್ಲಿ ಸೋಸಿ ಶುದ್ಧವಾಗಬೇಕು. ಅದನ್ನು ಮೋಟರು ಇನ್ನೊಂದು ಪೈಪಿನಲ್ಲಿ ಮೇಲಕ್ಕೆ ತಳ್ಳಬೇಕು. ಹಳೆಯ ಪೈಪುಗಳು ಸೀಳಿದ್ದರಿಂದ ಇಬ್ಬರೂ ಹೊಸದನ್ನು ಕತ್ತರಿಸಿ, ಅಂಟು ಹಚ್ಚಿ, ತಿರುವಿಗೊಂದು ಮೊಣಕೈಯಂತೆ ಬಾಗಿದ ತುಂಡು ಕೂಡಿಸಿದರು. ಕೊಯ್ಯುವಾಗ ಗರಗಸದ ಬ್ಲೇಡು ಜಾರಿ ಮಾವನ ತೋರುಬೆರಳು ಸ್ವಲ್ಪ ಹರಿಯಿತು. ಆಕೆ ಗಾಬರಿಯಾದಾಳೆಂದು ಅವರು ಅದನ್ನು ಪಂಚೆಗೆ ಒರೆಸಿಕೊಂಡು ಸುಮ್ಮನಾದರು.

ಮೊದಲ ಪರೀಕ್ಷೆಯಲ್ಲೇ ಎಡವಟ್ಟಾಯಿತು. ಮೋಟರು ನಿಲ್ಲಿಸಿದೊಡನೆ ಮೇಲಿನ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಹರಿದು, ಕೆಳಗಿನ ತೊಟ್ಟಿ ತುಂಬಿ ಉಕ್ಕಿ ನೆಲವೆಲ್ಲ ನೀರಾಯಿತು.

"ಅಯ್ಯೋ, ತೂತು ಮರೆತೆ!" ಎಂದು ಸೊಸೆ ಹಣೆ ಬಡಿದುಕೊಂಡಳು. "ನೀರಿನ ಮಟ್ಟದ ಸ್ವಲ್ಪ ಕೆಳಗೆ ಪೈಪಿಗೊಂದು ಸಣ್ಣ ತೂತು ಇರ್ಬೇಕು ಮಾವ. ನೀರು ಅಲ್ಲಿಗೆ ಇಳಿದ ತಕ್ಷಣ ಗಾಳಿ ಎಳ್ಕೊಂಡು ನಿಂತ್ಬಿಡುತ್ತೆ. ನಿಮ್ಮ ಮಗ ಎಷ್ಟು ಸಲ ಹೇಳಿದ್ರೂ ನಾನು ಹೂಂ ಹೂಂ ಅಂದಿದ್ದೇ ಬಂತು."

ಆಕೆ ಮೊಳೆ ಕಾಯಿಸಿ ತೂತು ಮಾಡಿದಳು. ಮತ್ತೆ ಪರೀಕ್ಷಿಸಿದಾಗ ನೀರು ಹೇಳಿದಲ್ಲಿ ನಿಂತಿತು. ನೆಲ ಒರೆಸಲು ಪುರುಸೊತ್ತಿರಲಿಲ್ಲ. ಒದ್ದೆಯಲ್ಲಿ ಚಪ್ಪಲಿ ಜಾರುತ್ತದೆಂದು ಆಕೆ ಬರಿಗಾಲಲ್ಲೇ ಓಡಾಡಿದಳು. ಮಾವ ರಬ್ಬರು ಚಪ್ಪಲಿ ಮೆಟ್ಟಿದ್ದರು.

ಉಳಿದದ್ದು ದೀಪ. ಉದ್ದನೆಯ ತಗಡಿನ ಪೆಟ್ಟಿಗೆಯಂಥ ದೀಪವನ್ನು ತೊಟ್ಟಿಯ ಮೇಲೆ ಎರಡು ಮರದ ಕಂಬಗಳ ನಡುವೆ ಸರಪಳಿಯಲ್ಲಿ ತೂಗುಹಾಕಿ, ಆಕೆ ಸ್ಟೂಲು ತರಲು ಒಳಗೆ ಹೋದಳು. ಮಾವ ಆ ಸರಪಳಿಯನ್ನು ನೋಡಿದರು. ಮೂಗುತಿಯ ಸರದಷ್ಟು ತೆಳ್ಳಗೆ ಕಂಡಿತು. ಇದು ಕಡಿದರೆ? ಆಕೆಯ ಕೈ ನೀರಿನಲ್ಲಿದ್ದಾಗ ಕರೆಂಟಿನ ಸಮೇತ ದೀಪ ಕೆಳಗೆ ಬಿದ್ದರೆ?

ಮಾವ ಜೀವಮಾನವೆಲ್ಲ ಪುಸ್ತಕದ ಬೈಂಡಿಂಗ್ ಮಾಡಿದವರು. ಅವರು ಬಿಗಿದ ಹೊಲಿಗೆ ಹಾಳೆ ಹರಿದರೂ ಬಿಚ್ಚುತ್ತಿರಲಿಲ್ಲ. ಮೂಲೆಯಲ್ಲಿದ್ದ ಕಟ್ಟುವ ತಂತಿ ತೆಗೆದುಕೊಂಡು ದೀಪವನ್ನೂ ಅದರ ವೈರನ್ನೂ ಕಂಬಕ್ಕೆ ಸೇರಿಸಿ ಸುತ್ತಿದರು. ಸಾಲದೆಂದು ಇನ್ನೊಂದು ಸುತ್ತು. ಇಕ್ಕಳದಲ್ಲಿ ಹಿಡಿದು ಇನ್ನು ತಿರುಗದು ಎನ್ನುವವರೆಗೂ ತಿರುಚಿದರು. ಜಗ್ಗಿ ನೋಡಿದಾಗ ಅದು ಅಲ್ಲಾಡಲಿಲ್ಲ. ಮನಸ್ಸಿಗೆ ನಿರಾಳವಾಯಿತು.

ಸೊಸೆ ಬಂದು ಸ್ವಿಚ್ ಒತ್ತಿದಳು. ನೀಲಿಬೆಳಕು ನೀರಿನೊಳಗೆಲ್ಲ ಹರಡಿತು. ಮೋಟರು ಗುಂಯ್ ಎಂದಿತು. ಪೈಪಿನ ಚೂರೊಂದು ಮೇಲೆ ತೇಲುತ್ತಿತ್ತು. ಮಾವ ಅದನ್ನು ತೆಗೆಯಲು ಬೆರಳದ್ದಿದರು. ಗಾಯಕ್ಕೆ ಚುರುಕ್ಕೆಂದಿತು, ಮೊಣಕೈವರೆಗೂ ಇರುವೆ ಹರಿದಂತಾಯಿತು. ಥಟ್ಟನೆ ಕೈ ಹಿಂದೆಗೆದರು.

"ಏನಾಯ್ತು?"

"ಏನಿಲ್ಲಮ್ಮ. ಬೆರಳು ತರಚಿತ್ತು, ಉಪ್ಪು ತಾಗ್ತು."

"ಗಾಯ ಮಾಡ್ಕೊಂಡು ಮುಚ್ಚಿಟ್ಟಿದ್ದೀರಾ? ಈಗ ನಾನು ನಿಮ್ಮ ಹಿಂದೆ ಸುತ್ತಬೇಕು ಅಷ್ಟೇ. ಹೋಗಿ ತೊಳ್ಕೊಳ್ಳಿ."

ಬಚ್ಚಲಿನ ಬಾಗಿಲಲ್ಲಿ ಡ್ರಮ್ಮಿನಿಂದ ಉಳಿದ ಉಪ್ಪುನೀರಿನ ಬಕೆಟ್ಟಿತ್ತು. ಅದರ ತಳದಲ್ಲಿ ತಂಬಿಗೆ ಮುಳುಗಿತ್ತು. ಅದನ್ನು ಎತ್ತಲು ಮಾವ ಕೈ ಇಳಿಸಿದರು. ಗಾಯ ಸಣ್ಣಗೆ ಉರಿಯಿತು, ಅಷ್ಟೇ. ಕೈ ಮೇಲೆತ್ತಿದ ಮೇಲೂ ಉರಿಯುತ್ತಲೇ ಇತ್ತು.

ಅವರು ತಂಬಿಗೆ ಹಿಡಿದು ನಿಂತರು. ನೀರು ಅದೇ. ಉಪ್ಪು ಅದೇ. ಅಲ್ಲಿ ಇರುವೆ ಹರಿದಿತ್ತು, ಕೈ ತೆಗೆದೊಡನೆ ಏನೂ ಇರಲಿಲ್ಲ. ಇಲ್ಲಿ ಇರುವೆಯಿಲ್ಲ. ಮತ್ತೊಮ್ಮೆ ಅದ್ದಿದರು. ಇಲ್ಲ.

ಉಪ್ಪಿನ ಉರಿ ಕೈ ತೆಗೆದೊಡನೆ ಹೋಗುವುದಿಲ್ಲ.

ತೊಟ್ಟಿಯ ನೀರಿಗೆ ಕರೆಂಟು ಹರಿದಿದೆ! ಅವರು ತಿರುಗಿ ನೋಡಿದರು. ಸೊಸೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಬರಿಗಾಲಲ್ಲಿ ನಿಂತು, ತೋಳನ್ನು ಭುಜದವರೆಗೂ ನೀರಿನಲ್ಲಿ ಇಳಿಸಿ ಪೈಪಿನ ಬಾಯಿ ತಿರುಗಿಸುತ್ತಿದ್ದಳು. ಆಕೆಯನ್ನು ಇಷ್ಟು ಹೊತ್ತು ಉಳಿಸಿದ್ದು ಆ ಒಣ ಸ್ಟೂಲೊಂದೇ. ಸುತ್ತಲೂ ನೆಲ ನೀರಿನಿಂದ ಮಿನುಗುತ್ತಿತ್ತು.

ಕೂಗಲು ಬಾಯಿ ತೆರೆದವರು ಹಾಗೇ ಮುಚ್ಚಿದರು. ಬೆಚ್ಚಿ ಕೆಳಗೆ ಹಾರಿದರೆ? ಓಡಿಹೋಗಿ ಎಳೆದರೆ ಇಬ್ಬರೂ ಸೇರಿಯೇ ಹೋಗುವುದು.

"ಮಗಳೇ," ಎಂದರು. "ಅಲ್ಲೇ ಇರು. ಇಳೀಬೇಡ. ನೆಲ ಒದ್ದೆ ಇದೆ, ಬಟ್ಟೆ ತರ್ತೀನಿ."

"ಜಾರೋದಕ್ಕೆ ನಾನೇನು ಮುದುಕೀನಾ? ಆ ಇಕ್ಕಳ ಒಂಚೂರು ಬೇಕು, ನಾನೇ ತಗೋತೀನಿ ಬಿಡಿ." ಇನ್ನೂ ಒಂದು ಕೈ ನೀರಿನಲ್ಲೇ ಇಟ್ಟುಕೊಂಡು ಆಕೆ ಕಾಲನ್ನು ಕೆಳಗೆ ಚಾಚಿದಳು.

"ನಿನ್ನ ಗಂಡನಾಣೆ, ಇಳೀಬೇಡ!"

ಆ ಮಾತು ಮನೆಯಲ್ಲಿ ಅದುವರೆಗೆ ಯಾರೂ ಆಡಿದ್ದಲ್ಲ. ಚಾಚಿದ ಕಾಲು ನೆಲದ ನೀರಿನಿಂದ ಗೇಣಷ್ಟು ಮೇಲೆ ನಿಂತಿತು. ಆಕೆಯ ಮುಖದ ನಗು ಆರಿತು. ಮೆಲ್ಲನೆ ಕಾಲನ್ನು ಮೇಲಕ್ಕೆಳೆದುಕೊಂಡಳು.

ದೀಪದ ಸ್ವಿಚ್ಚು ಆ ಒದ್ದೆ ನೆಲದಾಚೆಗಿತ್ತು, ಮೇನ್ ಸ್ವಿಚ್ ಬಾಗಿಲ ಪಕ್ಕದ ಗೋಡೆಯಲ್ಲಿತ್ತು. ಆ ಪಡಸಾಲೆ ಅಷ್ಟು ಉದ್ದವಿದೆಯೆಂದು ಮಾವನಿಗೆ ಹಿಂದೆಂದೂ ಅನಿಸಿರಲಿಲ್ಲ. ಹಳೆಯ ಹಿಡಿಕೆ ಒಂದು ಕೈಗೆ ಜಗ್ಗಲಿಲ್ಲ. ದೇವರೇ, ದೇವರೇ ಎನ್ನುತ್ತ ಎರಡೂ ಕೈಯಿಂದ ಜೋತುಬಿದ್ದರು. ಖಟ್ಟೆಂದು ಅದು ಕೆಳಗಿಳಿಯಿತು. ನೀಲಿಬೆಳಕು ನಂದಿತು. ಮೋಟರಿನ ಸದ್ದು ನಿಂತಿತು.

"ಕೈ ತೆಗಿ. ಈಗ ಇಳಿ," ಎಂದವರೇ ಮಾವ ಗೋಡೆಗೆ ಒರಗಿ ಕುಸಿದು ಕೂತರು.

ಕಿಟಕಿಯಿಂದ ಸಂಜೆಯ ಬೆಳಕು ಇನ್ನೂ ಬರುತ್ತಿತ್ತು. ಸೊಸೆ ದೀಪದ ಪ್ಲಗ್ಗು ಕಿತ್ತು ನೋಡಿದಳು. ಕಟ್ಟುವ ತಂತಿ ವೈರಿನ ಸಿಪ್ಪೆ ಸೀಳಿಕೊಂಡು ಒಳಗಿನ ತಾಮ್ರಕ್ಕೆ ಕಚ್ಚಿತ್ತು. ತಿರುಚಿ ಉಳಿದ ಬಾಲ ಬಾಗಿ ನೀರಿನೊಳಗೆ ಇಳಿದಿತ್ತು.

"ನಾನೇ ಕಟ್ಟಿದ್ದು," ಎಂದರು ಮಾವ. "ಬೀಳಬಾರದು ಅಂತ."

ಆಕೆ ತನ್ನ ಪಾದಗಳನ್ನೇ ನೋಡುತ್ತಿದ್ದಳು. ಆಮೇಲೆ ಬಂದು ಅವರ ಪಕ್ಕದಲ್ಲೇ ನೆಲಕ್ಕೆ ಕೂತಳು.

"ಈ ತೊಟ್ಟಿ ನಮಗೆ ಬೇಡಮ್ಮ," ಎಂದರು ಮಾವ. "ಮೀನು ಅವನೇ ಇಟ್ಕೊಳ್ಲಿ. ಕೈ ಮುಗಿದು ಕೇಳ್ತೀನಿ."

"ಇವತ್ತು ತೊಟ್ಟಿ ಬೇಡ. ನಾಳೆ ಗ್ಯಾಸ್ ಬೇಡ, ನಾಡಿದ್ದು ರಸ್ತೆ ಬೇಡ. ಮತ್ತೆ ನಾನು ಎಲ್ಲಿ ಕೂತ್ಕೊಳ್ಳಲಿ ಮಾವ?"

ಮಾವ ಗಾಯದ ಬೆರಳನ್ನು ಪಂಚೆಯ ಅಂಚಿನಲ್ಲಿ ಸುತ್ತಿಕೊಂಡರು.

"ದೀಪ ಇಲ್ದಿದ್ರೆ ಮೀನು ಸಾಯಲ್ಲ. ನಾಳೆ ಎಲೆಕ್ಟ್ರಿಷಿಯನ್ನ ಕರೆಸಿ ಹಾಕಿಸೋಣ. ಮೋಟರ್ ನಿಂತ್ರೆ ಮಾತ್ರ ಸಾಯ್ತವೆ," ಎಂದು ಆಕೆ ಎದ್ದಳು. ದೀಪವನ್ನೂ ತಂತಿಯನ್ನೂ ಬಿಚ್ಚಿ ಹೊರಗೆ ಇಟ್ಟಳು, ಮೋಟರಿನ ವೈರನ್ನು ಉದ್ದಕ್ಕೂ ತಡವಿ ನೋಡಿದಳು, ನೆಲವನ್ನು ಒಣಗುವಂತೆ ಒರೆಸಿದಳು. ಮಾವ ತಮ್ಮ ಚಪ್ಪಲಿ ಕಳಚಿ ಮುಂದಿಟ್ಟರು. ಆಕೆ ಮರುಮಾತಿಲ್ಲದೆ ಮೆಟ್ಟಿಕೊಂಡಳು. "ಈಗ ಮೇನ್ ಹಾಕಿ."

ಮಾವ ಹಿಡಿಕೆ ಹಿಡಿದರು. ಮೇಲೆತ್ತಲು ಕೈ ಬರಲಿಲ್ಲ.

"ನೀರಲ್ಲಿ ಕೈ ಇಲ್ಲ ತಾನೇ?"

"ಇಲ್ಲ ಮಾವ."

"ದೂರ ನಿಂತಿದ್ದೀಯಾ?"

"ಅಡುಗೆಮನೆ ಬಾಗಿಲಲ್ಲಿದ್ದೀನಿ."

"ನನಗೆ ಕಾಣೋ ಹಾಗೆ ಬಾ. ಎರಡೂ ಕೈ ಮೇಲೆತ್ತು."

ಆಕೆ ಪಡಸಾಲೆಗೆ ಬಂದು ಎರಡೂ ಕೈ ತಲೆಯ ಮೇಲೆತ್ತಿ ನಿಂತಳು. ಅದೇ ಹೊತ್ತಿಗೆ ತೆರೆದಿದ್ದ ಬಾಗಿಲಲ್ಲಿ ಮೀನಂಗಡಿಯವನು ಕಾಣಿಸಿಕೊಂಡ. ಒಂದು ಕೈಯಲ್ಲಿ ಕಲ್ಲಿನ ಡಬ್ಬ, ಇನ್ನೊಂದರಲ್ಲಿ ನೀರು ತುಂಬಿದ ಚೀಲ.

"ಏನಕ್ಕಾ, ಮನೆಗೆ ಡಕಾಯಿತರು ಬಿದ್ದಿದ್ದಾರಾ?"

"ಸುಮ್ನಿರಪ್ಪ, ಅವರು ಮೇನ್ ಹಾಕ್ತಿದ್ದಾರೆ," ಎಂದಳು ಆಕೆ, ಕೈ ಇಳಿಸದೆ.

ಮಾವ ಆ ಎರಡು ಕೈಗಳಿಂದ ಕಣ್ಣು ತೆಗೆಯದೆ ಹಿಡಿಕೆಯನ್ನು ಮೇಲೆತ್ತಿದರು. ಮೋಟರು ಗುಂಯ್ ಎಂದಿತು. ಸೊಸೆ ಟೆಸ್ಟರನ್ನು ಮೊದಲು ಬೋರ್ಡಿನ ತೂತಿಗೆ ಹಿಡಿದಳು. ಅದು ಕೆಂಪಗೆ ಹೊತ್ತಿತು. ಆಮೇಲೆ ಅದರ ತುದಿಯನ್ನು ನೀರಿಗೆ ಮುಟ್ಟಿಸಿದಳು. ಹೊತ್ತಲಿಲ್ಲ.

"ಏನೂ ಇಲ್ಲ ಮಾವ."

"ಇನ್ನೊಂದು ಸಲ ನೋಡು," ಎಂದರು ಅವರು.

ಆಕೆ ನಗಲಿಲ್ಲ. ಇನ್ನೊಂದು ಸಲ ನೋಡಿದಳು.