ಎಡಕ್ಕೆ ಹಾರು

"ಬಗ್ಗಲಾ, ನಾಯಿ ನನ್ಮಗನೆ. ಬಗ್ಗಿ ಬಪಾಕ್‌ರ ಬೂಟಿನ ದಾರ ಕಟ್ಟು. ಹಂಗೇ ಗರುಡಗಂಬದಂಗೆ ನಿಂತ್ಕಂಡ್ರೆ ದಾರ ತಾನೇ ಕಟ್ಕತದಾ?"

ಹೇಳಿದವನು ಕಾರ್ಯದರ್ಶಿ ಹಾರ್ಸೊಯೊ. ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದವನು ನಮ್ಮ ಜಿಲ್ಲೆಯ ದೊರೆ, ಬುಪಾತಿ. ಅವನನ್ನು ಊರಿಗೂರೇ ಬಪಾಕ್ ಎನ್ನಬೇಕು, ಅಂದರೆ ಅಪ್ಪ. ಬಗ್ಗಿದವನು ನನ್ನ ತಮ್ಮ ಕಸ್ವಾಡಿ, ಒಂಬತ್ತು ವರ್ಷ ಜಿಲ್ಲಾ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದವನು. ನಾನು ಮುರ್ತಿನಿ, ಕ್ಲಬ್ಬಿನ ಬಟ್ಟೆ ಒಗೆಯುವವಳು. ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ ಜೆರ್ಸಿ ಮಡಚುತ್ತಾ ಎಲ್ಲವನ್ನೂ ನೋಡುತ್ತಿದ್ದೆ. ತಮ್ಮ ಒಂದು ಬೂಟಿಗೆ ದಾರ ಕಟ್ಟುತ್ತಿದ್ದರೆ ಬಪಾಕ್ ಇನ್ನೊಂದು ಬೂಟನ್ನು ಅವನ ತೊಡೆಯ ಮೇಲಿಟ್ಟು ಮಣ್ಣು ಒರೆಸಿಕೊಂಡ.

"ಎರಡನೇ ಅರ್ಧದಾಗೆ ನಂಗೊಂದು ಪೆನಾಲ್ಟಿ ಕೊಡ್ತಾರೆ," ಅಂದ ಬಪಾಕ್. "ನಿನ್ನ ಬಲಕ್ಕೆ ಒದೀತೀನಿ. ನೀನು ಎಡಕ್ಕೆ ಹಾರು. ಚೆಂದಾಗಿ ಹಾರ್ಬೇಕು ಕಣ್ಲಾ, ಟೀವಿಯೋರು ಬತ್ತಾರೆ."

"ಆಗ್ಲಿ ಬಪಾಕ್."

ನಮ್ಮ ಕಡೆ ಅಧಿಕಾರದಲ್ಲಿರುವವರು ಚೆಂಡಾಟಕ್ಕಿಳಿದರೆ ಗೋಲು ಹೊಡೆಯಲೇಬೇಕು. ಹೊಡೆಯುವ ತನಕ ಆಟ ಮುಗಿಯುವುದಿಲ್ಲ. ಹೋದ ವರ್ಷ ಪೊಲೀಸ್ ಸಾಹೇಬನೊಬ್ಬ ಗೋಲು ಹೊಡೆಯಲೆಂದು ಎದುರಾಳಿಗಳು ಒಬ್ಬೊಬ್ಬರಾಗಿ ಕಾಲು ಉಳುಕಿಸಿಕೊಂಡು ಕುಂಟುತ್ತಾ ಆಚೆ ಹೋದರು. ಈ ಸಲ ಬಪಾಕ್ ಗವರ್ನರ್ ಚುನಾವಣೆಗೆ ನಿಂತಿದ್ದ. ಕಬ್ಬಿನ ಕೂಲಿಗಳ ಓಟು ಬೇಕಿತ್ತು, ಅದಕ್ಕೇ ಅವರಲ್ಲೊಬ್ಬನಾದ ಕಸ್ವಾಡಿ ನೆನಪಾದ, ಎದುರು ತಂಡದ ಗೋಲಿಗೆ ಅವನನ್ನು ನಿಲ್ಲಿಸಿದರು. ಗೋಲಾದ ಮೇಲೆ ಮೈಕಿನ ಮುಂದೆ ಅವನನ್ನು ಕ್ಷಮಿಸಿ, ಆಟದಿಂದ ಹಾಕಿದ್ದ ನಿಷೇಧ ತೆಗೆದ ಕಾಗದವನ್ನು ಕೈಗೆ ಕೊಡುವುದೆಂದು ಗೊತ್ತಾಗಿತ್ತು. ಕಾಗದ ಹಾರ್ಸೊಯೊನ ಜೇಬಿನಲ್ಲಿತ್ತು.

ಕ್ಷಮೆಯಂತೆ! ಯಾರು ಯಾರನ್ನು ಕ್ಷಮಿಸುವುದು?

ಹದಿನಾರು ವರ್ಷದ ಕಸ್ವಾಡಿ ಲಾರಿಯ ಮೇಲೆ ನಿಂತು, ಕೆಳಗಿನವರು ಎಸೆದ ಕಬ್ಬಿನ ಕಟ್ಟುಗಳನ್ನು ಹಿಡಿಯುತ್ತಿದ್ದಾಗ ಕ್ಲಬ್ಬಿನವರ ಕಣ್ಣಿಗೆ ಬಿದ್ದ. ಒಂದು ಕಟ್ಟನ್ನೂ ನೆಲಕ್ಕೆ ಬಿಡದ ಕೈ ಅದು. ಮಂಡಿ ಊದಿಕೊಂಡರೆ ಸೂಜಿ ಚುಚ್ಚಿ ಆಡಿಸಿದರು. ಆಡಿದ. ಎಂಟು ವರ್ಷದ ಹಿಂದೆ ಆಚೆ ಜಿಲ್ಲೆಯ ತಂಡದ ಮೇಲೆ ಪಂದ್ಯವಿತ್ತು, ಬಪಾಕ್ ಆಗ ಕ್ಲಬ್ಬಿನ ಮ್ಯಾನೇಜರ್. ಎದುರಾಳಿ ತಂಡದ ಒಡೆಯ ಅವನ ಪಕ್ಷದ ಹಿರಿಯ. ಅರ್ಧ ಆಟದ ಬಿಡುವಿನಲ್ಲಿ ಮ್ಯಾನೇಜರ್ ನನ್ನ ತಮ್ಮನ ಕಿವಿಯಲ್ಲಿ, "ಮೂರು ಬಿಡು. ಇಲ್ಲಾಂದ್ರೆ ನಾಳೆ ನಿಮ್ಮಪ್ಪನ ಪಾತ್ರೆಪಗಡೆ ಸಕ್ಕರೆ ಗಿರಣಿ ಕೊಟ್ಟಿರೋ ಮನೆಯಿಂದ ಬೀದಿಗೆ ಬೀಳ್ತವೆ," ಅಂದ. ತಮ್ಮ ಮೂರು ಬಿಟ್ಟ.

ಮಾವುತ ಹೇಳಿದ ಹಾಗೆ ಆಡುವ ಇಂಥ ಆಟಕ್ಕೆ ನಮ್ಮಲ್ಲಿ ಆನೆ ಫುಟ್‌ಬಾಲ್ ಎನ್ನುತ್ತಾರೆ. ಗುಲ್ಲೆದ್ದು ತನಿಖೆ ಬಂದಾಗ ಮಾವುತ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು, ಗೋಲ್‌ಕೀಪರ್ ಒಬ್ಬನೇ ಮೋಸ ಮಾಡಿದ ಎಂದು ಹೇಳಿಕೆ ಕೊಟ್ಟ. ಆನೆಗೆ ಜೀವಮಾನದ ನಿಷೇಧ, ಮಾವುತನಿಗೆ ಬುಪಾತಿ ಕುರ್ಚಿ. ಗಿರಣಿಯ ಮನೆಯೂ ಉಳಿಯಲಿಲ್ಲ. ಅಪ್ಪ ಸೋರುವ ಗುಡಿಸಲಲ್ಲಿ ಕೆಮ್ಮಿ ಕೆಮ್ಮಿ ಸತ್ತ. ತಮ್ಮ ಮತ್ತೆ ಕಬ್ಬಿಗೆ ಹೋದ. ಅವನು ಕಾಫಿ ಅಂಗಡಿಯ ಮುಂದೆ ಹಾದರೆ ಸಾಕು, ಗಂಡಸರು ಮೂಗಿಗೆ ತೋಳು ಹಚ್ಚಿ ಸೊಂಡಿಲು ಮಾಡಿ ಘೀಳಿಡುತ್ತಿದ್ದರು. ಇತ್ತ ನಾನು ಆ ಬಪಾಕ್‌ನ ಬನಿಯನ್ನು ಒಗೆಯುತ್ತಿದ್ದೆ. ಬನಿಯನ್ನಿನೊಳಗೆ ಅವನೂ ಇದ್ದಾನೆ ಅಂದುಕೊಂಡು ಕಲ್ಲಿಗೆ ಬಡಿಯುತ್ತಿದ್ದೆ.

ಎಲ್ಲರೂ ಹೊರಗೆ ಹೋದ ಮೇಲೆ ತಮ್ಮನ ಎದುರು ನಿಂತೆ.

"ಆ ಕಾಗದದ ಆಸೆಗೆ ಇನ್ನೊಂದ್ಸಲ ಆನೆ ಆಗ್ತೀಯೇನ್ಲಾ?"

"ಹೈಕಳಿಗೆ ಚೆಂಡು ಹಿಡಿಯೋದ ಹೇಳ್ಕೊಡಾಕಾದ್ರೂ ಬಿಡ್ತಾರಕ್ಕ. ಈ ಗೇಟೊಳಗೆ ಕಾಲಿಟ್ಟು ಎಂಟು ವರ್ಸ ಆಗದೆ."

"ಅಪ್ಪನ್ನ ಕೊಂದೋನ ಬೂಟು ಕಟ್ಟಿದ್ಯಲ್ಲೋ. ಥೂ!"

"ಸುಮ್ಕಿರಕ್ಕ," ಅಂದವನು ಮುಖ ತಿರುಗಿಸಿದ. ಇವನು ಹಾರೇ ಹಾರುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಅವನಿಗೆ ಕಾಗದ ಬೇಕಿತ್ತು. ನನಗೆ ಬಪಾಕ್‌ನ ಮಾನ ಕಳೆಯುವುದು ಬೇಕಿತ್ತು, ಎಂಟು ವರ್ಷದಿಂದಲೂ ಬೇಕಿತ್ತು.

ಎರಡನೇ ಅರ್ಧದಲ್ಲಿ ಬಪಾಕ್ ಗೋಲಿನ ಹತ್ತಿರ ತಾನಾಗಿ ಮುಗ್ಗರಿಸಿ ಬಿದ್ದ. ಹತ್ತು ಮಾರು ಸುತ್ತ ಯಾರೂ ಇರಲಿಲ್ಲ. ರೆಫ್ರಿ ಪೆನಾಲ್ಟಿ ಊದಿದ.

ಬಪಾಕ್ ಒದ್ದ. ಚೆಂಡು ಬಲಕ್ಕೆ ಉರುಳಿಕೊಂಡು ಬಂತು. ಕಸ್ವಾಡಿ ಬಲಕ್ಕೇ ಎರಡು ಹೆಜ್ಜೆ ನಡೆದು, ಬಗ್ಗಿ ಅದನ್ನು ಎತ್ತಿಕೊಂಡ. ಹಾರ್ಸೊಯೊ ಏದುಸಿರು ಬಿಡುತ್ತಾ ಓಡಿಬಂದ.

"ಎಡ ಅಂದ್ರೆ ನಿನ್ನ ಎಡ ಕಣ್ಲಾ, ಕೋಣ!"

"ಓ, ನನ್ನ ಎಡವಾ? ಬಪಾಕ್‌ರ ಎಡ ಅನ್ಕಂಡೆ ಸಾಮಿ."

ಕೀಪರ್ ಮೊದಲೇ ಅಲುಗಾಡಿದ ಎಂದು ರೆಫ್ರಿ ಇನ್ನೊಮ್ಮೆ ಒದೆಯಲು ಹೇಳಿದ. ಬಪಾಕ್ ಹಲ್ಲು ಕಚ್ಚಿ ಜೋರಾಗಿ ಒದ್ದ, ಮತ್ತೆ ಬಲಕ್ಕೆ. ಕಸ್ವಾಡಿ ಅದನ್ನು ಎದೆಗವಚಿಕೊಂಡ. ಕಬ್ಬಿನವರು ಕೂತಿದ್ದ ಕಡೆ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಮೈದಾನ ನಗತೊಡಗಿತು.

ಮೂರನೇ ಸಲ ರೆಫ್ರಿ ಕಾರಣವನ್ನೂ ಹೇಳಲಿಲ್ಲ, ಸೀಟಿ ಊದಿದ ಅಷ್ಟೆ. ಗೆರೆಯ ಆಚೆ ಹಾರ್ಸೊಯೊ ಜೇಬಿನಿಂದ ಕಾಗದ ತೆಗೆದು ಎತ್ತಿ ತೋರಿಸಿದ. ತಮ್ಮ ಅದನ್ನು ನೋಡಿದ, ಸುಮಾರು ಹೊತ್ತು ನೋಡಿದ. ಈಗ ಬಪಾಕ್‌ಗೂ ಬುದ್ಧಿ ಬಂದಿತ್ತು. ಕಣ್ಣನ್ನು ಬಲಕ್ಕಿಟ್ಟು ಎಡಕ್ಕೆ ಒದ್ದ. ಕಸ್ವಾಡಿ ಹೇಳಿದ ಹಾಗೆಯೇ ಎಡಕ್ಕೆ ಹಾರಿದ, ಚೆಂದವಾಗಿ ಹಾರಿದ. ಚೆಂಡು ಅವನ ಎರಡೂ ಕೈಯಲ್ಲಿತ್ತು.

"ಎಡಕ್ಕೇ ಹಾರಿದ್ನಲ್ಲ ಬಪಾಕ್!"

ಚೆಂಡು ಕಂಕುಳಲ್ಲಿಟ್ಟುಕೊಂಡು ನೇರ ಮೈಕಿನವನ ಹತ್ತಿರ ನಡೆದ. "ಅವತ್ತು ಮೂರು ಬಿಡು ಅಂದೋನು ಇವ್ನೇ ಕಣ್ರಪ್ಪ. ನಮ್ಮಪ್ಪನ ಮನೆ ಕೀಳಿಸ್ತೀನಿ ಅಂದ, ಬಿಟ್ಟೆ. ಬಿಟ್ಟಮ್ಯಾಕೂ ಕೀಳಿಸ್ದ, ಸೂಳೆಮಗ—" ಅಷ್ಟರಲ್ಲಿ ಮೈಕಿನ ವೈರು ಕಿತ್ತರು. ಕಾಫಿ ಅಂಗಡಿಯ ಅದೇ ಗಂಡಸರು ಎದ್ದು ನಿಂತು ಬಪಾಕ್‌ನ ಕಡೆ ತಿರುಗಿ, "ಮಾವುತ! ಮಾವುತ!" ಎಂದು ಕೂಗುತ್ತಿದ್ದರು. ಬಪಾಕ್ ಮುಖಕ್ಕೆ ಟವೆಲು ಮುಚ್ಚಿಕೊಂಡು ಕಾರಿನ ಕಡೆ ಓಡುವಾಗ ತಮ್ಮ ಕಟ್ಟಿದ್ದ ಬೂಟಿನ ದಾರ ಬಿಚ್ಚಿ ಕಾಲಿಗೆ ತೊಡರಿತು. ಅಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಅಂದು ಸಂಜೆಯೇ ಪೊಲೀಸರು ತಮ್ಮನನ್ನು ಎಳೆದೊಯ್ದು ಠಾಣೆಯಲ್ಲಿ ಅವನ ಬೆರಳುಗಳನ್ನು ಮುರಿದರು. ಬಲಗೈಯವು ನಾಲ್ಕು, ಎಡಗೈಯವು ಮೂರು. ಮೂರನೇ ದಿನ ಮನೆಗೆ ಕಳಿಸಿದರು. ಅನ್ನ, ಹುದುಗಿಸಿದ ಸೋಯಾಕಾಳಿನ ತೆಂಪೆ ಕಲಸಿ ನಾನೇ ತಿನ್ನಿಸುತ್ತಿದ್ದೆ. ಆಗ ಹಾರ್ಸೊಯೊ ಬಂದ, ಎರಡು ಕಾಗದ ತಂದಿದ್ದ.

"ಕುಡಿದ ಮತ್ತಿನಾಗೆ ಸುಳ್ಳು ಹೇಳ್ದೆ ಅಂತ ಇದ್ರಾಗೈತೆ. ಹೆಬ್ಬೆಟ್ಟು ಒತ್ತು. ನಿಷೇಧ ತೆಗೆದಿರೋ ಕಾಗದ ಈಗ್ಲೇ ಕೊಡ್ತೀನಿ. ಹೆಬ್ಬೆಟ್ಟು ಚೆನ್ನಾಗೈತಲ್ಲ?" ಅಂದ. ಅದನ್ನು ಬೇಕೆಂದೇ ಉಳಿಸಿದ್ದರು.

ಕಸ್ವಾಡಿ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದ.

"ನಿಮ್ಮ ಬಪಾಕ್‌ಗೆ ಹೇಳು, ಇನ್ನೊಂದು ಪೆನಾಲ್ಟಿ ಬೇಕಂದ್ರೆ ಬರ್ಲಿ. ಕಾಲಿನ್ನೂ ಅವೆ."

ಹಾರ್ಸೊಯೊ ಎದ್ದು ಹೋಗಿ ಹೊರಗೆ ನಿಂತಿದ್ದ ಠಾಣೆಯ ಜೀಪಿಗೆ ಏನೋ ಸನ್ನೆ ಮಾಡಿದ. ಜೀಪಿನ ಎರಡೂ ಕಡೆಯ ಬಾಗಿಲು ತೆರೆದವು. ಕೈ ತೊಳೆದುಕೊಂಡು, ಗೋಡೆಯ ಮೇಲಿದ್ದ ಕಬ್ಬಿನ ಮಚ್ಚನ್ನು ತೆಗೆದುಕೊಂಡು ನಾನು ಹೊಸಿಲ ಮೇಲೆ ಕೂತೆ.