ಬೆಳಗಾವಿಗೆ ಎರಡೇ ಗಂಟೆ

ಪುಟ್ಟಣ್ಣ ಬೆಂಗಳೂರಿನಲ್ಲಿ ಯುದ್ಧದ ವಿಮಾನಗಳನ್ನು ರಿಪೇರಿ ಮಾಡುವ ಫಿಟ್ಟರ್. ಆ ವರ್ಷ ದೀಪಾವಳಿಗೆ ಭದ್ರಾವತಿಗೆ ಬಂದವನು ಅಪ್ಪ ಮೂರ್ತಪ್ಪನ ಎದುರು ಕೂತು ಹೇಳಿದ: "ನಮ್ಮೂರ ಮೇಲೆ ಬಳಸಿ ಹೋದ್ರೂ ಬೆಂಗಳೂರಿಂದ ಬೆಳಗಾವಿಗೆ ಮುನ್ನೂರು ಮೈಲಿ. ಎರಡೇ ಗಂಟೆ ಅಪ್ಪ."

"ಸುಮ್ನಿರೋ ಮಾರಾಯ! ರೈಲಿಗೆ ಎರಡು ದಿನ ಬೇಕು."

"ಕಾರ್ತಿಕದ ಕೊನೇ ಸೋಮವಾರ ನಾನೂ ಹೋಗ್ತೀನಿ. ಪೈಲಟ್ ಒಪ್ಪಿದಾನೆ. ಎಂಟಕ್ಕೆ ಹೊರಟ್ರೆ ಒಂಬತ್ತಕ್ಕೆ ನಿಮ್ಮ ನೆತ್ತಿ ಮೇಲೆ. ಹೊಳೆ ದಂಡೇಲಿ ನಿಂತಿರಿ, ಒಂದು ಸುತ್ತು ಹಾಕ್ತೀವಿ."

ಪುಟ್ಟಣ್ಣನ ಹೆಂಡತಿ ಸೀತಾಲಕ್ಷ್ಮಿ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಆ ಸೋಮವಾರಕ್ಕೆ ಎರಡು ದಿನ ಇದೆ ಅನ್ನುವಾಗ ಮೂರ್ತಪ್ಪ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕುಸಿದ. ಸೀತಾಲಕ್ಷ್ಮಿಯ ಅತ್ತೆ ಕಾಶಮ್ಮ, ಪಕ್ಕದ ಮನೆಯ ಕೊಟ್ರಬಸಪ್ಪ ಇಬ್ಬರೂ ಅವನನ್ನು ರೈಲಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದರು. ಏಳು ತಿಂಗಳ ಬಸುರಿ ಸೀತಾಲಕ್ಷ್ಮಿ ಮನೆಯಲ್ಲೇ ಉಳಿದಳು. ಆಗಲೇ ಅಂಚೆ ಕಚೇರಿಗೆ ಹೋಗಿ ಗಂಡನಿಗೆ ತಂತಿ ಕಳಿಸಿದಳು. "ಈಗ ದಂಡಿನ ತಂತಿಗಳೇ ಮೊದಲು ಕಣಮ್ಮ. ನಿಮ್ಮದು ಯಾವಾಗ ಮುಟ್ಟುತ್ತೋ ಹೇಳಕ್ಕಾಗಲ್ಲ," ಎಂದ ಗುಮಾಸ್ತ.

ಸೋಮವಾರ ಮೊದಲ ರೈಲಿಗೆ ಕೊಟ್ರಬಸಪ್ಪ ಒಬ್ಬನೇ ಬಂದ. ಅವನ ಮುಖ ನೋಡಿದ್ದೇ ಅವಳಿಗೆ ತಿಳಿಯಿತು.

"ಬೆಳಗಿನ ಜಾವ ಹೋಗಿಬಿಟ್ರು ತಂಗಿ. ಒಂಬತ್ತಾಯ್ತಾ, ಒಂಬತ್ತಾಯ್ತಾ ಅಂತ ಕೇಳ್ತಾನೇ ಇದ್ರು. ಗಾಡೀಲಿ ತರ್ತಿದಾರೆ."

ಸೀತಾಲಕ್ಷ್ಮಿ ಅಳಲಿಲ್ಲ. ಹೊಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಹೊಳೆಯತ್ತ ಓಡಿದಳು. ಕೊಟ್ರಬಸಪ್ಪ ಗಾಬರಿಯಿಂದ ಹಿಂದೆಯೇ ಬಂದ. ಅವರು ದಂಡೆ ಮುಟ್ಟುವ ಹೊತ್ತಿಗೆ ಮೂಡಣದಿಂದ ಗುಂಯ್ ಎನ್ನುವ ಸದ್ದು ಬಂತು. ವಿಮಾನ ಕೆಳಕ್ಕಿಳಿದು, ನೀರಿನ ಮೇಲೆ ನೆರಳು ಎಳೆದುಕೊಂಡು ತಿರುಗಿತು. ಕಿಟಕಿಯಲ್ಲಿ ಬಿಳಿ ಬಟ್ಟೆಯೊಂದು ಆಡುತ್ತಿತ್ತು.

"ಇಳೀರಿ! ರೀ, ಇಳೀರಿ! ಮಾವ ಹೋದ್ರು!"

ಆ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

"ಎಲ್ಲಿ ಇಳೀತಾರೆ ತಂಗಿ? ಅದಕ್ಕೆ ಬಯಲು ಬೇಕು," ಎಂದು ಕೊಟ್ರಬಸಪ್ಪ ಅವಳ ಭುಜ ಹಿಡಿದುಕೊಂಡ. ನೋಡನೋಡುತ್ತಿದ್ದಂತೆ ಅದು ಬಡಗಣಕ್ಕೆ ಹೋಗಿ ಹದ್ದಿನಷ್ಟಾಯಿತು, ಆಮೇಲೆ ಏನೂ ಇಲ್ಲ.

ಶಿವಮೊಗ್ಗದಿಂದ ಹನ್ನೆರಡು ಮೈಲಿ ಬರಲು ಎತ್ತಿನ ಗಾಡಿಗೆ ಮಧ್ಯಾಹ್ನವಾಯಿತು. ದಾಯಾದಿಯೊಬ್ಬ ಮಗನ ಜಾಗದಲ್ಲಿ ನಿಂತು ಮಣ್ಣು ಹಾಕಿದ.

ಬೆಂಗಳೂರಿನಲ್ಲಿ ಪುಟ್ಟಣ್ಣನ ಕೈ ತಪ್ಪಿದ ತಂತಿ ಬೆಳಗಾವಿಯಲ್ಲಿ ಬುಧವಾರ ಅವನಿಗೆ ಸಿಕ್ಕಿತು. 'ಅಪ್ಪನಿಗೆ ಕಾಯಿಲೆ ಜೋರು, ಬನ್ನಿ' ಎಂದಷ್ಟೇ ಅದರಲ್ಲಿತ್ತು. ರಜೆ ಸಿಕ್ಕಿ, ಹುಬ್ಬಳ್ಳಿ, ಬೀರೂರು ದಾಟಿ ಬರುವಾಗ ಮೂರ್ತಪ್ಪ ತೀರಿ ಒಂಬತ್ತನೇ ದಿನ. ಅಮ್ಮನ ಬರಿಯ ಹಣೆ ನೋಡಿ ಹೊಸಿಲಲ್ಲೇ ಕೂತುಬಿಟ್ಟ. ಆಮೇಲೆ ಹೆಂಡತಿಗೆ ಹೇಳಿದ:

"ಅವತ್ತು ಮೇಲಿಂದ ಅಪ್ಪನ್ನ ನೋಡಿದ್ನಲ್ಲ, ಅದೊಂದೇ ಸಮಾಧಾನ ಕಣೆ. ಪೇಟ ಸುತ್ಕೊಂಡು ನಿನ್ನ ಪಕ್ಕ ನಿಂತಿದ್ರು."

ಸೀತಾಲಕ್ಷ್ಮಿ ಅತ್ತೆಯ ಕಡೆ ನೋಡಿದಳು. ಕಾಶಮ್ಮ ತಲೆ ತಗ್ಗಿಸಿದಳು.

"ಅದು ಕೊಟ್ರಬಸಪ್ಪನೋರು ಕಣ್ರೀ," ಎಂದಳು ಸೀತಾಲಕ್ಷ್ಮಿ.

ಪುಟ್ಟಣ್ಣ ಎದ್ದು ಹಿತ್ತಿಲಿಗೆ ಹೋದ. ಬಾವಿಕಟ್ಟೆಯ ಬಳಿ ಅವನು ಬಿಕ್ಕುವುದು ಒಳಗಿನ ತನಕ ಕೇಳುತ್ತಿತ್ತು. ಅವನಿಗೆ ಉಳಿದಿದ್ದದ್ದು ಎರಡೇ ದಿನದ ರಜೆ.